ಅವಳಿ ಮಕ್ಕಳು: ಮೊದಲು ಬರುವ ಕೂಸು, ಅನಂತರ ಬರುವ ಕೂಸು

ಅವಳಿ ಮಕ್ಕಳ ಜನನವು ನಮ್ಮ ಗ್ರಾಮಗಳಲ್ಲಿ ಇಂದಿಗೂ ಒಂದು ವಿಶೇಷವಾದ ಸುದ್ದಿಯೇ ಆಗಿದೆ. ನಮ್ಮ ದೇಶದಲ್ಲಿ ಸರಿಸುಮಾರು ನೂರು ಹೆರಿಗೆಗಳಿಗೆ ಒಂದರಂತೆ ಅವಳಿ ಹೆರಿಗೆಯಾಗುವುದರಿಂದ, ಹತ್ತಾರು ಮನೆಗಳ ಒಂದು ಚಿಕ್ಕ ಊರಿನಲ್ಲಿ ಹಲವು ವರ್ಷಗಳಿಗೊಮ್ಮೆ ಮಾತ್ರ ಇಂತಹ ಜೋಡಿ ತೊಟ್ಟಿಲು ತೂಗುವುದು. ಬಂಧುಬಳಗದವರು ಬಂದು ನೋಡುತ್ತಾರೆ, ಹರಸುತ್ತಾರೆ. ಬಂದವರೆಲ್ಲರೂ ತಪ್ಪದೆ ಕೇಳುವ ಪ್ರಶ್ನೆಗಳು ಎರಡು: "ಇವರಲ್ಲಿ ಹಿರಿಯರು ಯಾರು? ದಪ್ಪಗಿರುವುದು ಯಾವುದು?"

ಆರೋಗ್ಯ ಸಹಾಯಕಿಯೂ ವೈದ್ಯರೂ ಕೇಳುವುದು ಇವೇ ಎರಡು ಪ್ರಶ್ನೆಗಳನ್ನು. ಆದರೆ ಅವರ ಕಾರಣ ಬೇರೆ. ಒಂಟಿಯಾಗಿ ಹುಟ್ಟುವ ಮಗುವಿಗಿಂತ ಅವಳಿಗಳಲ್ಲಿ ಪ್ರತಿಯೊಂದು ಮಗುವಿಗೂ ಹೆರಿಗೆಯ ಆಸುಪಾಸಿನಲ್ಲಿ ಪ್ರಾಣಾಪಾಯವು ಹಲವು ಪಟ್ಟು ಹೆಚ್ಚಾಗಿರುತ್ತದೆ. ಗರ್ಭಕ್ಕೆ 28 ವಾರ ತುಂಬಿದ ನಂತರ ಹೊಟ್ಟೆಯಲ್ಲಿಯೇ ತೀರಿಕೊಳ್ಳುವ ಶಿಶುಗಳನ್ನೂ, ಹುಟ್ಟಿದ 7 ದಿನಗಳೊಳಗೆ ಅಸುನೀಗುವ ಶಿಶುಗಳನ್ನೂ ಒಟ್ಟಿಗೆ ಸೇರಿಸಿ ಲೆಕ್ಕ ಹಾಕುವುದು ವೈದ್ಯಶಾಸ್ತ್ರದ ಪದ್ಧತಿ. ಈ ಲೆಕ್ಕದಲ್ಲಿ ಅವಳಿ ಮಕ್ಕಳ ಪಾಲು ಅವರ ಸಂಖ್ಯೆಗೆ ಮೀರಿ ಬೀಳುತ್ತದೆ. ಯಾವ ಮಗು ಮೊದಲು ಹೊರಬರುತ್ತದೆ, ಯಾವುದು ಅನಂತರ ಬರುತ್ತದೆ, ಎರಡರ ತೂಕಗಳ ನಡುವೆ ಎಷ್ಟು ಅಂತರವಿದೆ ಎಂಬ ಸಂಗತಿಗಳು ಈ ಅಪಾಯದೊಡನೆ ನಿಕಟವಾಗಿ ಹೆಣೆದುಕೊಂಡಿವೆ. ಗರ್ಭಿಣಿಯೂ ಆಕೆಯ ಪತಿಯೂ ಇದನ್ನು ಮುಂಚಿತವಾಗಿ ತಿಳಿದಿದ್ದರೆ, ಹೆರಿಗೆ ಎಲ್ಲಿ ಆಗಬೇಕು, ಯಾರ ಕೈಯಲ್ಲಿ ಆಗಬೇಕು ಎಂಬ ನಿರ್ಧಾರವನ್ನು ಸಕಾಲದಲ್ಲಿ ಕೈಗೊಳ್ಳಬಹುದು.

ಹಿರಿತನದ ಮಾತು ಬಂದಾಗ ಒಂದು ಸಂಗತಿ ನೆನಪಾಗುತ್ತದೆ. ನಾವು ಬಾಯಿಮಾತಿನಲ್ಲಿ ಲವ-ಕುಶ ಎಂದು ಲವನ ಹೆಸರನ್ನೇ ಮೊದಲು ಹೇಳುತ್ತೇವೆ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಾದರೋ ಮೊದಲು ಹುಟ್ಟಿದವನು ಕುಶ, ಅನಂತರ ಹುಟ್ಟಿದವನು ಲವ. ಆಫ್ರಿಕಾ ಖಂಡದ ನೈಜೀರಿಯಾ ದೇಶದಲ್ಲಿ ಯೊರುಬಾ ಎಂಬ ಜನರಿದ್ದಾರೆ. ಪ್ರಪಂಚದಲ್ಲಿ ಅವಳಿಗಳು ಅತಿ ಹೆಚ್ಚಾಗಿ ಹುಟ್ಟುವುದು ಅವರಲ್ಲಿಯೇ. ಎರಡನೆಯದಾಗಿ ಹುಟ್ಟಿದ ಮಗುವನ್ನೇ ಅವರು ಹಿರಿಯದೆಂದು ಭಾವಿಸುತ್ತಾರೆ. ಲೋಕ ಹೇಗಿದೆ ಎಂದು ನೋಡಿ ಬರಲು ಆ ಹಿರಿಯ ಮಗು ತನ್ನ ತಮ್ಮನನ್ನೋ ತಂಗಿಯನ್ನೋ ಮುಂದಾಗಿ ಕಳುಹಿಸಿತೆಂಬುದು ಅವರ ನಂಬಿಕೆ. ಹಿರಿತನವನ್ನು ಯಾವ ಮಗುವಿಗೆ ಕೊಟ್ಟರೂ ಬಾಧಕವಿಲ್ಲ. ಆದರೆ ಹಿಂದೆ ಉಳಿದ ಮಗು ಹೊರಬರುವ ಆ ಕೆಲವು ನಿಮಿಷಗಳಲ್ಲಿ ಏನಾಗುತ್ತದೆ ಎಂಬುದು ಬಹಳ ಮುಖ್ಯವಾದ ವಿಚಾರ.

ಅವಳಿ ಗರ್ಭದಲ್ಲಿ ಎರಡು ಬಗೆ

ಜೋಡಿ ಬಾಳೆಹಣ್ಣನ್ನು ತಿಂದರೆ ಅವಳಿ ಮಕ್ಕಳು ಹುಟ್ಟುತ್ತವೆಂದು ಹೇಳಿ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳಿಗೆ ಆ ಹಣ್ಣನ್ನು ಕೊಡದಿರುವವರು ಇದ್ದಾರೆ. ಇದಕ್ಕೆ ಆಧಾರವಿಲ್ಲ, ಹಣ್ಣನ್ನು ಧಾರಾಳವಾಗಿ ತಿನ್ನಬಹುದು. ಸ್ತ್ರೀಯ ಅಂಡಾಶಯದಿಂದ ಒಂದೇ ಬಾರಿಗೆ ಎರಡು ಅಂಡಗಳು ಬಿಡುಗಡೆಯಾಗಿ ಎರಡೂ ಫಲಿತವಾದರೆ ಒಂದು ಬಗೆಯ ಅವಳಿಗಳಾಗುತ್ತವೆ. ಇವು ಬೇರೆ ಬೇರೆ ವರ್ಷಗಳಲ್ಲಿ ಹುಟ್ಟಿದ ಅಣ್ಣ-ತಂಗಿಯರಷ್ಟೇ ಪರಸ್ಪರ ಹೋಲುತ್ತವೆ. ಒಂದು ಗಂಡು, ಇನ್ನೊಂದು ಹೆಣ್ಣು ಆಗಬಹುದು. ಈ ಬಗೆಯ ಅವಳಿಗಳು ತಾಯಿಯ ಕಡೆಯ ವಂಶದಲ್ಲಿ ಹರಿದು ಬರುವುದುಂಟು. ತಾಯಿಯ ವಯಸ್ಸು ಮೂವತ್ತು ದಾಟಿದಂತೆ, ಹೆರಿಗೆಗಳ ಸಂಖ್ಯೆ ಏರಿದಂತೆ ಇವು ಹೆಚ್ಚಾಗುತ್ತವೆ. ಆದುದರಿಂದ ನಾಲ್ಕು ಐದು ಮಕ್ಕಳನ್ನು ಹೆತ್ತು ಬಳಲಿದ ತಾಯಿಗೇ ಅವಳಿ ಗರ್ಭದ ಹೊರೆ ಬೀಳುವ ಸಂಭವ ಅಧಿಕವೆಂಬುದನ್ನು ದಂಪತಿಗಳು ಗಮನಿಸತಕ್ಕದ್ದು.

ಫಲಿತವಾದ ಒಂದೇ ಅಂಡವು ಇಬ್ಭಾಗವಾದರೆ ಎರಡನೆಯ ಬಗೆಯ ಅವಳಿಗಳು ಉಂಟಾಗುತ್ತವೆ. ಇವು ಎರಡೂ ಗಂಡು ಅಥವಾ ಎರಡೂ ಹೆಣ್ಣು. ನೋಡಲು ಅಚ್ಚಿನಲ್ಲಿ ಎರೆದಂತೆ. ಒಟ್ಟು ಅವಳಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಈ ಬಗೆಯವು. ಇವುಗಳಲ್ಲಿ ಬಹುಪಾಲು ಜೋಡಿಗಳು ಒಂದೇ ಮಾಸನ್ನು, ಅಂದರೆ ಹಳ್ಳಿಗಳಲ್ಲಿ ಕಸವೆಂದು ಕರೆಯುವ ಒಂದೇ ಅಂಗವನ್ನು, ಹಂಚಿಕೊಂಡು ಬೆಳೆಯುತ್ತವೆ. ಮುಂದೆ ಹೇಳಲಿರುವ ಅಪಾಯಗಳಲ್ಲಿ ಹಲವಕ್ಕೆ ಮೂಲವಾಗಿರುವುದು ಈ ಹಂಚಿಕೆಯೇ.

ಹೊಟ್ಟೆಯಲ್ಲಿ ಮಾಸು ಒಂದೇ ಇದೆಯೋ ಎರಡಿವೆಯೋ ಎಂಬುದನ್ನು 11ರಿಂದ 14 ವಾರಗಳ ನಡುವೆ ಮಾಡಿಸುವ ಸ್ಕ್ಯಾನಿಂಗ್ ಪರೀಕ್ಷೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ತಿಂಗಳುಗಳು ಕಳೆದಂತೆ ಇದನ್ನು ಗುರುತಿಸುವುದು ಕಷ್ಟವಾಗುತ್ತದೆ. ಆದ್ದರಿಂದ ಮುಟ್ಟು ನಿಂತು ಎರಡು ಮೂರು ತಿಂಗಳಾಗುವಷ್ಟರಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. ಸ್ಕ್ಯಾನಿಂಗ್ ಮಾಡುವವರನ್ನು ದಂಪತಿಗಳು ಕೇಳಬೇಕಾದ ಪ್ರಶ್ನೆ, ಮಕ್ಕಳೆಷ್ಟು ಮತ್ತು ಮಾಸುಗಳೆಷ್ಟು ಎಂಬುದು. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾನೂನಿನಂತೆ ಶಿಕ್ಷಾರ್ಹ ಅಪರಾಧ.

ಸ್ಕ್ಯಾನಿಂಗ್ ಆಗದಿದ್ದ ಪಕ್ಷದಲ್ಲಿ, ತಿಂಗಳ ಲೆಕ್ಕಕ್ಕಿಂತ ಹೊಟ್ಟೆ ದೊಡ್ಡದಾಗಿ ಕಾಣುವುದು, ಮಗುವಿನ ಚಲನೆ ಹೊಟ್ಟೆಯ ಎಲ್ಲ ಭಾಗಗಳಲ್ಲಿಯೂ ತಿಳಿಯುವುದು, ವಾಂತಿ ಅತಿಯಾಗುವುದು, ಕಾಲುಗಳಲ್ಲಿ ಬೇಗನೆ ಬಾವು ಬರುವುದು, ಇಂತಹ ಚಿಹ್ನೆಗಳು ಕಂಡುಬಂದರೆ ಅವಳಿ ಇರಬಹುದೆಂದು ಶಂಕಿಸಿ ವೈದ್ಯರಲ್ಲಿಗೆ ಹೋಗಬೇಕು.

ತೂಕದ ಅಂತರ

ಒಂಟಿ ಶಿಶುವಿನ ತೂಕ ನಮ್ಮ ದೇಶದಲ್ಲಿ ಸರಾಸರಿ 2,800 ಗ್ರಾಂನಷ್ಟಿರುತ್ತದೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಿಶುಗಳು 2,500 ಗ್ರಾಂ ಮುಟ್ಟುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಅವಳಿ ಹೆರಿಗೆಗಳು 37 ವಾರ ತುಂಬುವ ಮೊದಲೇ ಆಗಿಬಿಡುತ್ತವೆ. ಎರಡೂ ಕೂಸುಗಳು ಚಿಕ್ಕವಾಗಿರುವುದು ಒಂದು ಸಮಸ್ಯೆ. ಒಂದು ಕೂಸು ಮತ್ತೊಂದಕ್ಕಿಂತ ತೀರ ಚಿಕ್ಕದಾಗಿರುವುದು ಬೇರೆಯೇ ಆದ ಸಮಸ್ಯೆ.

ಅಂತರವನ್ನು ಲೆಕ್ಕ ಹಾಕುವ ರೀತಿ ಸುಲಭವಾಗಿದೆ. ದೊಡ್ಡ ಮಗುವಿನ ತೂಕದಲ್ಲಿ ಚಿಕ್ಕ ಮಗುವಿನ ತೂಕವನ್ನು ಕಳೆದು, ಉಳಿದದ್ದು ದೊಡ್ಡ ಮಗುವಿನ ತೂಕದಲ್ಲಿ ನೂರಕ್ಕೆ ಎಷ್ಟು ಎಂದು ನೋಡುವುದು. ಒಬ್ಬ ತಾಯಿಯ ಮಕ್ಕಳು 2,200 ಮತ್ತು 2,000 ಗ್ರಾಂ ಇವೆ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 200 ಗ್ರಾಂ, ಅಂದರೆ ಶೇಕಡಾ 9, ಇದು ಸಾಮಾನ್ಯ. ಇನ್ನೊಬ್ಬ ತಾಯಿಯ ಮಕ್ಕಳು 2,400 ಮತ್ತು 1,800 ಗ್ರಾಂ ಇದ್ದರೆ ವ್ಯತ್ಯಾಸ 600 ಗ್ರಾಂ, ಶೇಕಡಾ 25. ವ್ಯತ್ಯಾಸವು ಶೇಕಡಾ 20ರಿಂದ 25ನ್ನು ಮುಟ್ಟಿದರೆ ವೈದ್ಯರು ಅದನ್ನು ಗಂಭೀರವೆಂದು ಪರಿಗಣಿಸುತ್ತಾರೆ. ಅಂತರ ಹೆಚ್ಚಿದಂತೆ, ಮುಖ್ಯವಾಗಿ ಚಿಕ್ಕ ಮಗುವಿಗೆ, ಪ್ರಾಣಭಯವೂ ಹೆಚ್ಚುತ್ತದೆ.

ಒಂದೇ ಹೊಲದಲ್ಲಿ ಬಿತ್ತಿದ ಎರಡು ಕಾಳುಗಳಲ್ಲಿ ಒಂದು ಹುಲುಸಾಗಿ ಬೆಳೆದು ಇನ್ನೊಂದು ಸೊರಗುವುದನ್ನು ರೈತರು ಕಂಡಿದ್ದಾರೆ. ಒಂದರ ಬೇರಿಗೆ ಒಳ್ಳೆಯ ಮಣ್ಣು ಸಿಕ್ಕಿತು, ಮತ್ತೊಂದರ ಬೇರು ಕಲ್ಲಿಗೆ ತಾಗಿತು. ಗರ್ಭಕೋಶದಲ್ಲಿ ಮಾಸು ಬೇರಿನಂತೆ. ತಾಯಿಯ ರಕ್ತದಿಂದ ಆಹಾರವನ್ನೂ ಪ್ರಾಣವಾಯುವನ್ನೂ ಮಗುವಿಗೆ ಒದಗಿಸುವುದು ಅದೇ. ಮಾಸು ಒಂದೇ ಇದ್ದು ಎರಡು ಮಕ್ಕಳ ಪಾಲು ಸಮನಾಗಿರದಿದ್ದರೆ, ಅಥವಾ ಒಂದು ಮಗುವಿನ ಹೊಕ್ಕುಳುಬಳ್ಳಿಯು ಮಾಸಿನ ನಡುವೆ ನೆಲೆಗೊಳ್ಳದೆ ಅಂಚಿನ ಪೊರೆಗೆ ಅಂಟಿಕೊಂಡಿದ್ದರೆ, ಆ ಮಗು ಸೊರಗುತ್ತದೆ. ತಾಯಿಗೆ ರಕ್ತದೊತ್ತಡ ಏರಿದರೂ ಹೀಗಾಗಬಹುದು. ಎರಡು ಮಾಸುಗಳುಳ್ಳ ಅವಳಿಗಳಲ್ಲಿ ಒಂದು ಗಂಡು ಒಂದು ಹೆಣ್ಣಾಗಿದ್ದರೆ ಸ್ವಲ್ಪ ವ್ಯತ್ಯಾಸವು ಸಹಜವಾಗಿಯೇ ಇರುತ್ತದೆ, ಅದಕ್ಕೆ ಗಾಬರಿಗೊಳ್ಳಬೇಕಾಗಿಲ್ಲ.

ಒಂದೇ ಮಾಸಿನ ಅವಳಿಗಳಲ್ಲಿ ಇನ್ನೊಂದು ವಿಚಿತ್ರವಾದ ತೊಂದರೆಯುಂಟು. ನೂರು ಜೋಡಿಗಳಲ್ಲಿ ಸುಮಾರು 10ರಿಂದ 15 ಜೋಡಿಗಳಲ್ಲಿ ಮಾಸಿನೊಳಗಿನ ರಕ್ತನಾಳಗಳು ಪರಸ್ಪರ ಕೂಡಿಕೊಂಡು, ಒಂದು ಮಗುವಿನ ರಕ್ತ ಮತ್ತೊಂದಕ್ಕೆ ಹರಿದುಹೋಗುತ್ತದೆ. ಕೊಡುವ ಮಗು ಬಿಳಿಚಿ, ಬಡಕಲಾಗಿ, ಗರ್ಭಜಲವಿಲ್ಲದೆ ಒಂದು ಮೂಲೆಗೆ ಅಂಟಿಕೊಳ್ಳುತ್ತದೆ. ಪಡೆಯುವ ಮಗು ಕೆಂಪಗೆ ಉಬ್ಬಿ, ಅಷ್ಟು ರಕ್ತವನ್ನು ನೂಕಲಾರದೆ ಅದರ ಹೃದಯ ಸೋಲುತ್ತದೆ. ದೊಡ್ಡ ಮಗು ಎಂದಮಾತ್ರಕ್ಕೆ ಅದು ಆರೋಗ್ಯವಾಗಿದೆಯೆಂದು ತಿಳಿಯಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ. ಗರ್ಭಿಣಿಯ ಹೊಟ್ಟೆ ಒಂದೆರಡು ವಾರಗಳಲ್ಲಿಯೇ ಏಕಾಏಕಿ ಬಿಗಿದು ದೊಡ್ಡದಾಗಿ ಉಸಿರಾಟಕ್ಕೆ ಕಷ್ಟವಾದರೆ ಈ ತೊಂದರೆ ಇರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಒಂದೇ ಮಾಸಿನ ಅವಳಿಗಳಿಗೆ 16 ವಾರಗಳಿಂದ ಮೊದಲ್ಗೊಂಡು ಎರಡು ವಾರಗಳಿಗೊಮ್ಮೆ, ಎರಡು ಮಾಸಿನವುಗಳಿಗೆ ನಾಲ್ಕು ವಾರಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುವಂತೆ ತಜ್ಞರು ಸಲಹೆ ನೀಡುವುದು ಇಂತಹ ವ್ಯತ್ಯಾಸಗಳನ್ನು ಬೇಗನೆ ಕಂಡುಹಿಡಿಯುವುದಕ್ಕಾಗಿಯೇ.

ಹೆಚ್ಚು ಉಂಡರೆ ಮಗು ದಪ್ಪನಾಗಿ ಹೆರಿಗೆ ಕಷ್ಟವಾಗುತ್ತದೆಂದು ಗರ್ಭಿಣಿಯ ಊಟವನ್ನು ಕಡಿಮೆ ಮಾಡಿಸುವ ಅತ್ತೆಯಂದಿರು ಇನ್ನೂ ಕೆಲವೆಡೆ ಇದ್ದಾರೆ. ಅವಳಿ ಗರ್ಭದಲ್ಲಿ ಇದು ಎರಡು ಜೀವಗಳಿಗೆ ಮಾಡುವ ಅನ್ಯಾಯ. ರಾಗಿ, ಹುರುಳಿ, ತೊಗರಿ, ನೆಲಗಡಲೆ, ಸೊಪ್ಪು, ಹಾಲು, ತಿನ್ನುವವರಿಗೆ ಮೊಟ್ಟೆ ಮತ್ತು ಮೀನು, ಇವುಗಳನ್ನು ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಹಿಗ್ಗಿದ ಗರ್ಭಕೋಶದಿಂದಾಗಿ ಒಂದೇ ಸಲಕ್ಕೆ ಹೊಟ್ಟೆ ತುಂಬ ಉಣ್ಣಲು ಆಕೆಗೆ ಆಗುವುದಿಲ್ಲ. ಕಬ್ಬಿಣಾಂಶದ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಸೇವಿಸಬೇಕೆಂಬುದು ಎಲ್ಲ ಗರ್ಭಿಣಿಯರಿಗೂ ಅನ್ವಯಿಸುವ ನಿಯಮ. ಅವಳಿ ಹೊತ್ತ ತಾಯಿಗೆ ರಕ್ತಹೀನತೆ ಬೇಗನೆ ಬರುವುದರಿಂದ ವೈದ್ಯರು ಇದನ್ನು ಹೆಚ್ಚಿಸಬಹುದು. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ; ಅದಕ್ಕೆ ಹೆದರಿ ಮಾತ್ರೆಗಳನ್ನು ಗೂಡಿನಲ್ಲಿ ಕೂಡಿಡಬಾರದು.

ಎರಡನೆಯ ಮಗು ಬರುವ ವೇಳೆ

ಗರ್ಭಕೋಶದ ಬಾಯಿಗೆ ಸಮೀಪದಲ್ಲಿರುವ ಮಗು ಮೊದಲು ಹುಟ್ಟುತ್ತದೆ. ಅದು ಬಹುಮಟ್ಟಿಗೆ ತಲೆ ಕೆಳಗಾಗಿಯೇ ಇರುತ್ತದೆ. ಆ ಮಗು ಹೊರಬಂದ ಕೂಡಲೇ ಒಳಗಿನ ಸ್ಥಿತಿ ಬದಲಾಗುತ್ತದೆ. ಇಬ್ಬರಿದ್ದ ಮನೆಯಲ್ಲಿ ಒಬ್ಬರೇ ಉಳಿದಾಗ ಜಾಗ ವಿಶಾಲವಾಗಿ, ಎರಡನೆಯ ಮಗು ಅಡ್ಡಲಾಗಿ ತಿರುಗಬಹುದು ಅಥವಾ ಕಾಲು ಮುಂದಾಗಿ ಬರಬಹುದು. ಅದರ ನೀರುಚೀಲ ಒಡೆದಾಗ ಹೊಕ್ಕುಳುಬಳ್ಳಿ ಮೊದಲು ಜಾರಿ ಹೊರಬಂದು ಅದುಮಿಕೊಳ್ಳಬಹುದು. ಗರ್ಭಕೋಶವು ಸಂಕುಚಿಸಿದುದರಿಂದ ಮಾಸು ಬೇಗನೆ ಬಿಟ್ಟುಕೊಳ್ಳಬಹುದು. ಹಾಗಾದರೆ ಒಳಗಿರುವ ಮಗುವಿಗೆ ಪ್ರಾಣವಾಯುವಿನ ಪೂರೈಕೆ ನಿಂತಂತೆಯೇ. ತೆರೆದಿದ್ದ ಗರ್ಭಕೋಶದ ಬಾಯಿ ಮತ್ತೆ ಮುದುಡಿಕೊಳ್ಳುವುದೂ ಉಂಟು. ಎರಡನೆಯ ಮಗು ಮೊದಲಿನದಕ್ಕಿಂತ ಬಹಳ ದೊಡ್ಡದಾಗಿದ್ದರೆ, ಚಿಕ್ಕದಕ್ಕೆ ತೆರೆದ ದಾರಿ ಅದಕ್ಕೆ ಸಾಲದು. ಅದು ತೀರ ಚಿಕ್ಕದಾಗಿದ್ದರೆ, ಉಸಿರುಕಟ್ಟನ್ನು ತಾಳಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹುಟ್ಟುವ ಸರದಿಯೂ ತೂಕದ ಅಂತರವೂ ಹೀಗೆ ಒಂದಕ್ಕೊಂದು ಸೇರಿ ಅಪಾಯವನ್ನು ಇಮ್ಮಡಿಗೊಳಿಸುತ್ತವೆ.

ಇದು ಕೇವಲ ಊಹೆಯಲ್ಲ. ಬ್ರಿಟನ್ನಿನ ಸ್ಕಾಟ್ಲೆಂಡ್ ಪ್ರಾಂತದಲ್ಲಿ 1992ರಿಂದ 1997ರವರೆಗೆ ಆದ ಅವಳಿ ಹೆರಿಗೆಗಳನ್ನು ಪರಿಶೀಲಿಸಿ 2002ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. 36 ವಾರಕ್ಕೆ ಮುನ್ನ ಹುಟ್ಟಿದ 1,438 ಜೋಡಿಗಳಲ್ಲಿ, ಮೊದಲ ಮಗು ಮಾತ್ರ ತೀರಿಕೊಂಡದ್ದು 23 ಜೋಡಿಗಳಲ್ಲಿ, ಎರಡನೆಯದು ಮಾತ್ರ ತೀರಿಕೊಂಡದ್ದೂ 23ರಲ್ಲಿಯೇ. ಅವಧಿಗೆ ಮುನ್ನ ಹುಟ್ಟಿದಾಗ ಅಪಕ್ವತೆಯೇ ದೊಡ್ಡ ಶತ್ರು. ಅದು ಸರದಿಯನ್ನು ನೋಡುವುದಿಲ್ಲ. ಆದರೆ 36 ವಾರ ತುಂಬಿದ ನಂತರ ಹುಟ್ಟಿದ 2,436 ಜೋಡಿಗಳಲ್ಲಿ ಹೆರಿಗೆಯ ಕಾರಣದಿಂದ ಮೊದಲ ಮಗು ಒಂದೂ ಸಾಯಲಿಲ್ಲ. ಎರಡನೆಯ ಮಕ್ಕಳು 9 ಸತ್ತವು. ಆ 9ರಲ್ಲಿ 7 ಶಿಶುಗಳು ಹುಟ್ಟುವ ಸಮಯದಲ್ಲಿ ಪ್ರಾಣವಾಯು ದೊರೆಯದೆ ಅಸುನೀಗಿದವು. ದಿನ ತುಂಬಿದ, ಬದುಕಬೇಕಾಗಿದ್ದ ಮಕ್ಕಳು ಅವು. ಸುಸಜ್ಜಿತ ಆಸ್ಪತ್ರೆಗಳಿರುವ ದೇಶದಲ್ಲಿಯೇ ಹೀಗಾದರೆ, ಮನೆಯ ಕತ್ತಲೆ ಕೋಣೆಯಲ್ಲಿ ಆಗುವ ಅವಳಿ ಹೆರಿಗೆಯ ವಿಷಯವನ್ನು ಓದುಗರೇ ಊಹಿಸಿಕೊಳ್ಳಬಹುದು.

ಹಾಗಾದರೆ ಅವಳಿ ಎಂದ ಕೂಡಲೇ ಹೊಟ್ಟೆ ಕೊಯ್ದು ಮಕ್ಕಳನ್ನು ತೆಗೆಸಬೇಕೆ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ಉತ್ತರ ಕಾಣಲು 25 ದೇಶಗಳಲ್ಲಿ ಸುಮಾರು 2,800 ಗರ್ಭಿಣಿಯರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2013ರಲ್ಲಿ ಹೊರಬಂದಿತು. ಮೊದಲ ಮಗು ತಲೆ ಕೆಳಗಾಗಿದ್ದು, ಅನುಭವಿ ವೈದ್ಯರು ಹತ್ತಿರವಿದ್ದ ಪಕ್ಷದಲ್ಲಿ, ಮೊದಲೇ ನಿಶ್ಚಯಿಸಿ ಮಾಡಿದ ಸಿಸೇರಿಯನ್ನಿನಿಂದ ಮಕ್ಕಳಿಗೆ ವಿಶೇಷ ಲಾಭವೇನೂ ಕಂಡುಬರಲಿಲ್ಲ. ಎರಡನೆಯ ಮಗುವಿಗೆ ಅಪಾಯ ಹೆಚ್ಚೆಂಬುದು ಮಾತ್ರ ಅಲ್ಲಿಯೂ ದೃಢಪಟ್ಟಿತು. ಇದರಿಂದ ತಿಳಿಯಬೇಕಾದುದೇನೆಂದರೆ, ಸಹಜ ಹೆರಿಗೆಯಾಗಬಹುದು, ಆದರೆ ಅದು ಬೇಕೆಂದಾಗ ಕೆಲವೇ ನಿಮಿಷಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಬಲ್ಲ ಸ್ಥಳದಲ್ಲಿಯೇ ಆಗಬೇಕು. ಮೊದಲ ಮಗು ಅಡ್ಡಲಾಗಿದ್ದರೆ ಸಿಸೇರಿಯನ್ ಅನಿವಾರ್ಯ. ಅದು ಕಾಲು ಮುಂದಾಗಿದ್ದರೂ ವೈದ್ಯರು ಸಾಮಾನ್ಯವಾಗಿ ಅದನ್ನೇ ಆಯ್ದುಕೊಳ್ಳುತ್ತಾರೆ. ಆಗ ದಂಪತಿಗಳು ಹಿಂಜರಿಯಬಾರದು.

ಹೆರಿಗೆಯ ಕೋಣೆಯಲ್ಲಿ ಪಾಲಿಸಬೇಕಾದ ಒಂದು ಕಟ್ಟುನಿಟ್ಟಿನ ನಿಯಮವನ್ನು ದಂಪತಿಗಳೂ ತಿಳಿದಿರುವುದು ಒಳ್ಳೆಯದು. ಹೆರಿಗೆಯ ನಂತರ ರಕ್ತಸ್ರಾವ ತಡೆಯಲೆಂದು ಗರ್ಭಕೋಶವನ್ನು ಬಿಗಿಗೊಳಿಸುವ ಚುಚ್ಚುಮದ್ದು ಅಥವಾ ಮಾತ್ರೆ ಕೊಡುವುದುಂಟು. ಇನ್ನೊಂದು ಮಗು ಒಳಗಿಲ್ಲವೆಂದು ಹೊಟ್ಟೆ ಮುಟ್ಟಿ ಖಚಿತಪಡಿಸಿಕೊಳ್ಳದೆ ಇದನ್ನು ಕೊಟ್ಟರೆ, ಬಿಗಿದ ಗರ್ಭಕೋಶದೊಳಗೆ ಆ ಮಗು ಉಸಿರುಕಟ್ಟಿ ಸಾಯಬಹುದು. ಹಾಗೆಯೇ ಮೊದಲ ಮಗುವಿನ ಹೊಕ್ಕುಳುಬಳ್ಳಿಯನ್ನು ಕತ್ತರಿಸುವಾಗ ತಾಯಿಯ ಕಡೆಯ ತುದಿಯನ್ನೂ ಕಟ್ಟಲೇಬೇಕು. ಮಾಸು ಒಂದೇ ಆಗಿದ್ದರೆ, ಬಿಟ್ಟ ತುದಿಯಿಂದ ಒಳಗಿನ ಮಗುವಿನ ರಕ್ತ ಸೋರಿಹೋಗುತ್ತದೆ. ದಾರಿಯಲ್ಲಿ, ವಾಹನದಲ್ಲಿ ಅಕಸ್ಮಾತ್ತಾಗಿ ಹೆರಿಗೆಯಾದರೂ ಈ ಎರಡು ಮಾತುಗಳನ್ನು ನೆನಪಿಡಬೇಕು.

ಪತಿಯ ಕರ್ತವ್ಯ

ಅವಳಿ ಎಂದು ತಿಳಿದ ದಿನವೇ ಪತಿಯು ವಿಚಾರಿಸಬೇಕಾದುದು: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು ಇದ್ದಾರೆಯೇ, ರಕ್ತ ದೊರೆಯುತ್ತದೆಯೇ? ಇಲ್ಲವಾದರೆ ಜಿಲ್ಲಾ ಆಸ್ಪತ್ರೆಯನ್ನೇ ಗೊತ್ತುಪಡಿಸಿಕೊಳ್ಳಬೇಕು. ಅಲ್ಲಿ ಕಡಿಮೆ ತೂಕದ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕವೂ ಇರುತ್ತದೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸುವ ಏರ್ಪಾಡು 2016ರಿಂದ ಇದೆ. ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ವಾಹನ, ಇವೆಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವೆಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಹೇಳುತ್ತದೆ. 108ಕ್ಕೆ ಕರೆ ಮಾಡಿದಾಗ ಅವಳಿ ಗರ್ಭವೆಂಬುದನ್ನು ಮೊದಲ ಮಾತಿನಲ್ಲಿಯೇ ತಿಳಿಸಬೇಕು.

ಅವಳಿಗಳಿಗೆ ನವಮಾಸ ತುಂಬಿ ಬೇನೆ ಬರಲೆಂದು ಕಾಯುತ್ತ ಕೂರುವುದು ಸರಿಯಲ್ಲ. ಒಂದೇ ಮಾಸಿನವುಗಳಿಗೆ 36-37 ವಾರಗಳಲ್ಲಿ, ಎರಡು ಮಾಸಿನವುಗಳಿಗೆ 37-38 ವಾರಗಳಲ್ಲಿ ಹೆರಿಗೆ ಮಾಡಿಸುವುದು ಕ್ಷೇಮವೆಂದು ವೈದ್ಯರು ಸಾಮಾನ್ಯವಾಗಿ ಅಭಿಪ್ರಾಯಪಡುತ್ತಾರೆ. ಆಮೇಲೆ ಮಾಸು ದಣಿಯುತ್ತದೆ. ಇದಕ್ಕೆ ಬಹಳ ಮುಂಚೆ, 34 ವಾರದೊಳಗೆ, ಬೇನೆ ಕಾಣಿಸಿಕೊಂಡರೆ ಒಂದು ಗಳಿಗೆಯನ್ನೂ ವ್ಯರ್ಥ ಮಾಡಬಾರದು. ಮಕ್ಕಳ ಶ್ವಾಸಕೋಶ ಬಲಿಯುವುದಕ್ಕೆ ತಾಯಿಗೆ ಕೊಡುವ ಚುಚ್ಚುಮದ್ದು ಕೆಲಸ ಮಾಡಲು ಸಮಯ ಬೇಕು.

ಹುಟ್ಟಿದ ಮೇಲೆ

"ಎರಡರಲ್ಲಿ ಒಂದಾದರೂ ಉಳಿದರೆ ಸಾಕು" ಎಂಬ ಮಾತು ಇಂದಿಗೂ ಕೆಲವರ ಬಾಯಲ್ಲಿದೆ. ಚಿಕ್ಕ ಮಗುವನ್ನು ಗಾಳಿಗೆ ಬಿಟ್ಟು ದೊಡ್ಡದಕ್ಕೆ ಹಾಲೂಡುವುದು, ಜೋಡಿಯಲ್ಲಿ ಒಂದು ಹೆಣ್ಣಾಗಿದ್ದರೆ ಗಂಡಿಗೆ ಮೊದಲು ಮೊಲೆ ಕೊಡುವುದು ಈ ಮಾತಿನ ಫಲ. ಹುಟ್ಟುವ ಸಮಯದಲ್ಲಿ ಹೆಣ್ಣುಶಿಶುವೇ ಗಂಡಿಗಿಂತ ಗಟ್ಟಿ. ಅನಂತರ ಅದು ಸೊರಗಿದರೆ ತಪ್ಪು ಮನೆಯವರದು.

2,000 ಗ್ರಾಂಗಿಂತ ಕಡಿಮೆ ತೂಕದ ಶಿಶುವನ್ನು ಬರಿಮೈಯಲ್ಲಿ ತಾಯಿಯ ಎದೆಗೆ ನೇರವಾಗಿ ಅಂಟಿಸಿ ಬಟ್ಟೆಯಿಂದ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯು 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಆರಂಭವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ 2010ರ ದಶಕದ ಉತ್ತರಾರ್ಧದಲ್ಲಿ ಇದನ್ನು ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ವ್ಯಾಪಕವಾಗಿ ಆಚರಣೆಗೆ ತರಲಾಯಿತು. ದಿನಕ್ಕೆ ಎಂಟು ಗಂಟೆಗೆ ಕಡಿಮೆಯಿಲ್ಲದಂತೆ, ಸಾಧ್ಯವಾದಷ್ಟು ಹೆಚ್ಚು ಹೊತ್ತು ಹೀಗೆ ಇಟ್ಟುಕೊಳ್ಳಬೇಕು. ಅವಳಿಗಳನ್ನು ಇಬ್ಬರನ್ನೂ ಒಟ್ಟಿಗೆ ತಾಯಿಯ ಎದೆಯ ಮೇಲೆ ಇಡಬಹುದು. ಆಕೆ ದಣಿದಾಗ ಒಂದು ಕೂಸನ್ನು ತಂದೆ, ಇನ್ನೊಂದನ್ನು ಅಜ್ಜಿ ಎದೆಗವಚಿಕೊಳ್ಳಬಹುದು. ಗಂಡಸಿನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು. ಎರಡು ಮಕ್ಕಳು ಚೀಪಿದಷ್ಟೂ ಹಾಲು ಹೆಚ್ಚುವುದರಿಂದ ಇಬ್ಬರಿಗೂ ತಾಯಿಯ ಹಾಲೇ ಸಾಲುತ್ತದೆ. ಚೀಪಲು ಶಕ್ತಿಯಿಲ್ಲದ ಚಿಕ್ಕ ಮಗುವಿಗೆ ಹಾಲನ್ನು ಹಿಂಡಿ ಶುಚಿಯಾದ ಒಳಲೆಯಲ್ಲೋ ಚಮಚದಲ್ಲೋ ಕುಡಿಸಬೇಕು. ಹಾಲು ಕುಡಿಯದಿರುವುದು, ಅಂಗಾಲು ತಣ್ಣಗಾಗುವುದು, ಉಸಿರಾಡುವಾಗ ಎದೆ ಒಳಕ್ಕೆ ಸೆಳೆಯುವುದು ಅಪಾಯದ ಚಿಹ್ನೆಗಳು. ಇವು ಎರಡರಲ್ಲಿ ಯಾವ ಮಗುವಿನಲ್ಲಿ ಕಂಡರೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಹೆರಿಗೆಯಾದ ತಾಯಿಯನ್ನು ಮರೆಯಬಾರದು. ಬಹಳ ಹಿಗ್ಗಿದ್ದ ಗರ್ಭಕೋಶವು ಬೇಗ ಬಿಗಿಯದೆ ಅತಿಯಾದ ರಕ್ತಸ್ರಾವವಾಗುವ ಸಂಭವ ಅವಳಿ ಹೆರಿಗೆಯಲ್ಲಿ ಹೆಚ್ಚು.

ಇನ್ನು ಕುಟುಂಬ ಯೋಜನೆಯ ಮಾತು. ಮೊದಲ ಹೆರಿಗೆಯಲ್ಲಿಯೇ ಇಬ್ಬರು ಮಕ್ಕಳಾದರೆ ಅಂದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಬಯಸುವ ದಂಪತಿಗಳಿದ್ದಾರೆ. ಆದರೆ ಕನಿಷ್ಠ ಒಂದು ಮಗುವಿಗಾದರೂ ಒಂದು ವರ್ಷ ತುಂಬಿರಬೇಕೆಂಬುದು ಸರ್ಕಾರದ ನಿಯಮ. ಅವಳಿಗಳ ಎಳೆತನದ ಅಪಾಯವನ್ನು ಬಲ್ಲವರಿಗೆ ಈ ನಿಯಮದ ಔಚಿತ್ಯ ತಾನಾಗಿ ತಿಳಿಯುತ್ತದೆ. ಅಲ್ಲಿಯವರೆಗೆ, ಹೆರಿಗೆಯಾದ 48 ಗಂಟೆಗಳೊಳಗೆ ಆಸ್ಪತ್ರೆಯಲ್ಲಿಯೇ ಕಾಪರ್-ಟಿ ಹಾಕಿಸಿಕೊಳ್ಳಬಹುದು, ಬೇಡವೆನಿಸಿದಾಗ ತೆಗೆಸಬಹುದು. ಮಕ್ಕಳು ಬೆಳೆದು ಗಟ್ಟಿಯಾದ ಮೇಲೆ, ಎರಡು ಮಕ್ಕಳನ್ನು ಒಟ್ಟಿಗೆ ಹೊತ್ತು ಹೆತ್ತ ಹೆಂಡತಿಯ ಬದಲು ಪತಿಯೇ ಹೊಲಿಗೆಯಿಲ್ಲದ ಸುಲಭ ಶಸ್ತ್ರಚಿಕಿತ್ಸೆಗೆ ಮುಂದಾಗುವುದು ಹೆಚ್ಚು ನ್ಯಾಯವಾದುದು.

ಆಸ್ಪತ್ರೆಯಿಂದ ಹೊರಡುವ ಮುನ್ನ ಪ್ರತಿ ಮಗುವಿನ ಹುಟ್ಟಿದ ವೇಳೆ, ಸರದಿ ಮತ್ತು ತೂಕವನ್ನು ತಾಯಿ ಕಾರ್ಡಿನಲ್ಲಿ ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. 21 ದಿನಗಳೊಳಗೆ ಇಬ್ಬರ ಜನನವನ್ನೂ ಬೇರೆ ಬೇರೆಯಾಗಿ ನೋಂದಾಯಿಸಿ ಎರಡು ಪ್ರಮಾಣಪತ್ರಗಳನ್ನು ಪಡೆಯಬೇಕು. ಅಂಗನವಾಡಿಯಲ್ಲಿ ತೂಕ ನೋಡುವಾಗ ಯಾವ ಮಗುವಿನ ತೂಕ ಯಾವ ಕಾರ್ಡಿಗೆ ಏರಿತೆಂಬುದನ್ನು ತಾಯಿ ನಿಂತು ನೋಡಿಕೊಳ್ಳಬೇಕು. ಅಚ್ಚಿನಲ್ಲಿ ಎರೆದಂತಿರುವ ಮಕ್ಕಳಾದರೆ ಚಿಕ್ಕದರ ಕಾಲಿಗೆ ಒಂದು ಕರಿದಾರ ಕಟ್ಟಿದರೆ ಗೊಂದಲವಿರುವುದಿಲ್ಲ.